ಕಳ್ಳ ಕುಪ್ಪಸ, ಸುಳ್ಳು ಕಾಮಣಿ

ಹೋದ ಶನಿವಾರ ಸಾಲಿ ಮೈದಾನದಾಗ ಹುಡುಗರ ಕಡಿಂದ ಹುಲ್ಲು ಕೀಳಸ್ಲತ್ತಿದ್ದೆ. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ಬೇರು ಸಮೇತ ಒಂದು ಸಣ್ಣ ಗಿಡ ಕಿತ್ತು ತಂದು, ನನ್ನ ಮೂಗಿನ ಮುಂದ ಹಿಡದು, "ಟೀಚರ್, ಇದ್ಯಾವ ಗಿಡರಿ?" ಅಂದಳು. ಎಲಿ ಕೆಳಗ ಸಾಸಿವಿಯಂಥ ಕಾಯಿ ಸಾಲಾಗಿ ಕೂತಿದ್ವು. ನೆಲನೆಲ್ಲಿ. ವಿಜ್ಞಾನದ ಟೀಚರ್ ನಾನು, ಹಿಗ್ಗಿ ಉತ್ತರ ಕೊಡಬೇಕಾದ ಪ್ರಶ್ನಿ ಅದು. ಆದ್ರ ಆ ಹಸಿ ವಾಸನಿ ಮೂಗಿಗಿ ಬಡದದ್ದೇ ತಡ, ಎರಡು ಹೆಜ್ಜಿ ಹಿಂದ ಸರದೆ. "ಕೈ ತೊಳ್ಕೋ ಹೋಗವ್ವಾ" ಅಂತ ಆಕಿನ್ನ ಓಡಿಸಿ, ಸ್ಟಾಫ್ ರೂಮಿಗಿ ಬಂದು ಕೂತೆ. ಪಾಪ, ಹುಡುಗೀದು ಏನು ತಪ್ಪಿತ್ತು?

ನಿಮಗ ಹೇಳ್ತೇನಿ, ಕೂಡ್ರಿ. ಒಂಬತ್ತು ವರ್ಷದಿಂದ ಆ ಗಿಡದ ಸಂಗತಿ ನಾ ಯಾರ ಮುಂದೂ ಹೇಳಿಲ್ಲ. ಬರೇ ಹೇಳಿಲ್ಲ ಅಂದ್ರ ಅರ್ಧ ಸತ್ಯ ಆಗ್ತದ. ಕೇಳಿದವರಿಗೆಲ್ಲ ಸುಳ್ಳು ಹೇಳೀನಿ, ಅದೂ ಎದಿ ಎತ್ತಿ ಹೇಳೀನಿ.

ಆವಾಗ ನಾವು ಬೀದರದ ಮೈಲೂರಿನಾಗ ಬಾಡಿಗಿ ಮನ್ಯಾಗ ಇದ್ವಿ. ಮದುವ್ಯಾಗಿ ಎರಡನೇ ವರ್ಷ. ನಮ್ಮ ಮನಿಯವರದು ಕರೆಂಟ್ ಆಫೀಸಿನಾಗ ನೌಕರಿ, ನಂದು ಹೈಸ್ಕೂಲಿನಾಗ. ನನ್ನ ತವರು ಭಾಲ್ಕಿ, ಅಲ್ಲಿ ಅವ್ವ ಅಣ್ಣನ ಸಂಗಡ ಇರ್ತಾಳ. ಅತ್ತಿ ಮಾವ ಔರಾದ ತಾಲೂಕಿನ ಠಾಣಾ ಕುಶನೂರದಾಗ. ಮಾವ ರಿಟೈರ್ ಆದ ಮಾಸ್ತರರು, ಜೊತಿಗಿ ನಾಲ್ಕು ಎಕರೆ ತೊಗರಿ ಸೋಯಾ ಹೊಲ.

ಮಾವನ ಬಗ್ಗಿ ಒಂದು ಮಾತು ಮೊದಲೇ ಹೇಳಬೇಕು. ನನ್ನ ನೋಡ್ಲಾಕ ಬಂದಾಗ, ಎಲ್ಲರೂ ಅಣ್ಣನ ಸಂಗಡ ಮಾತಾಡ್ಲತ್ತಿದ್ರು. ನಾ ಚಹಾದ ತಾಟು ಹಿಡ್ಕೊಂಡು ನಿಂತಿದ್ದೆ. ಮಾವ ಕಪ್ಪು ಕೆಳಗಿಟ್ಟು, ಸೀದಾ ನನ್ನ ಮಾರಿ ನೋಡಿ, "ನಿನಗ ಪಸಂದ ಅದಾನೇನವ್ವಾ ನಮ್ಮ ಹುಡುಗ? ಇಲ್ಲಂದ್ರ ಇಲ್ಲನ್ನು, ನಮಗೇನೂ ಬ್ಯಾಸರಿಲ್ಲ" ಅಂದ್ರು. ಖರೇ ಹೇಳ್ತೇನಿ, ನಾ ಹುಡುಗನ್ನ ನೋಡಿ ಹೂಂ ಅಂದಾಕಿ ಅಲ್ಲ, ಹುಡುಗನ ಅಪ್ಪನ್ನ ನೋಡಿ ಹೂಂ ಅಂದಾಕಿ. ಇದನ್ನ ನಮ್ಮ ಮನಿಯವರಿಗಿ ಸಿಟ್ಟು ಬಂದಾಗೊಮ್ಮೆ ಹೇಳ್ತಿರ್ತೇನಿ. ಊರಿನ ಬುದ್ಧ ವಿಹಾರದಾಗ ಮಾವ ಭಾಷಣ ಮಾಡಿದ್ರ, ಹೆಣ್ಣಮಕ್ಕಳ ಮಾತು ಕೇಳ್ರಿ, ಸಣ್ಣ ಸಂಸಾರ ಮಾಡ್ರಿ ಅಂತ ಹೇಳದೆ ಇಳೀತಿರಲಿಲ್ಲ. ಅವರಿಗಿ ಒಬ್ಬನೇ ಮಗ. "ಮಾಸ್ತರರು ಹೇಳಿದ್ಹಂಗ ನಡ್ಯಾರ ನೋಡ್ರಿ" ಅಂತ ಊರವರು ತೋರಸ್ತಿದ್ರು.

ಇರ್ಲಿ. ನನಗ ದಿನ ನಿಂತ್ವು. ಅದೇ ವಾರ ನಾ ಹತ್ತನೇ ಕ್ಲಾಸಿಗಿ ಸಂತಾನೋತ್ಪತ್ತಿ ಪಾಠ ಮಾಡ್ಲತ್ತಿದ್ದೆ. ಬೋರ್ಡಿನ ಮ್ಯಾಲೆ ಗರ್ಭಚೀಲದ ಚಿತ್ರ ಬರದು, ಬಾಣ ಎಳದು, ಭಾಗ ಗುರುತಿಸಿ, "ಮುಸಿ ಮುಸಿ ನಗಬ್ಯಾಡ್ರಿ, ಇದು ಮಾರ್ಕ್ಸಿಗಿ ಬರ್ತದ" ಅಂತ ಬೈದು, ಒಳಗಿಂದೊಳಗ ನಾನೇ ನಗ್ಲತ್ತಿದ್ದೆ. ಎಲ್ಲಾ ಗೊತ್ತದ ಅನ್ನೋ ಸೊಕ್ಕು ಬ್ಯಾರೆ.

ಮೂರನೇ ತಿಂಗಳಾಗ ಅವ್ವ ಭಾಲ್ಕಿಯಿಂದ ಮುಂಜಾನಿ ಬಸ್ಸಿಗಿ ಬಂದಳು. ಚೀಲದಾಗ ಮ್ಯಾಲೆ ತೊಗರಿ ಬ್ಯಾಳಿ, ಅದರ ಕೆಳಗ ಹಳೇ ಪೇಪರಿನಾಗ ಸುತ್ತಿದ ಹಸರು ಕುಪ್ಪಸ. ನಮ್ಮ ಕಡಿ ಇದಕ್ಕ ಕಳ್ಳ ಕುಪ್ಪಸ ಅಂತಾರ. ಮೂರು ತಿಂಗಳ ಬಸುರಿಗಿ ತವರಿನವರು ಗುಟ್ಟಾಗಿ ಹಸರು ಕುಪ್ಪಸ ತಂದು, ತೊಡಿಸಿ, ಸಪ್ಪಳಿಲ್ಲದೆ ಹೋಗಬೇಕು. ಆಮ್ಯಾಗ ಐದನೇ ತಿಂಗಳಿಗೋ ಏಳನೇ ತಿಂಗಳಿಗೋ ಊರು ಕರದು ಮಾಡೋ ಕುಪ್ಪಸ ಬ್ಯಾರೆ. ಅಲ್ಲೀತನ ಸುದ್ದಿ ಹೊಸ್ತಿಲು ದಾಟಬಾರದು. ಅವ್ವನ ಲೆಕ್ಕದಾಗ ಬೀಗರೂ ಹೊಸ್ತಿಲ ಆಚಿಗೇ. ನಮ್ಮ ಮನ್ಯಾಗ ದೃಷ್ಟಿ ಗಿಷ್ಟಿ ನಂಬೋದಿಲ್ರಿ. ತವರಿನಾಗ ಗ್ವಾಡಿ ಮ್ಯಾಲೆ ಬುದ್ಧನ ಫೋಟೋ, ಗಂಡನ ಮನ್ಯಾಗ ಅದಕ್ಕಿಂತ ದೊಡ್ಡ ಫೋಟೋ.

"ಇದೆಲ್ಲಾ ಮೂಢನಂಬಿಕಿ ಅಲ್ಲೇನವ್ವಾ?" ಅಂದೆ.

"ಮೂಢನಂಬಿಕಿ ಅಂದ್ರ ನಂಬೋದು. ನಾ ಏನೂ ನಂಬ್ಲತ್ತಿಲ್ಲ, ಬರೇ ಕುಪ್ಪಸ ತಂದೀನಿ. ತೋಳು ಎತ್ತು," ಅಂದಳು.

ಎತ್ತಿದೆ. ಚಂದ ಕಾಣಸ್ತಿತ್ತು, ಕನ್ನಡಿ ಮುಂದ ಅಡ್ಡ ನಿಂತು ಹೊಟ್ಟಿ ನೋಡ್ಕೊಂಡೆ. ಮರುದಿನ ಸ್ಕ್ಯಾನಿಂಗಿಗಿ ಅದನ್ನೇ ತೊಟ್ಕೊಂಡು ಹೋದೆ.

ಡಾಕ್ಟರಮ್ಮ ನನ್ನ ಸಾಲಿ ವಿಚಾರ ಕೇಳ್ಕೋತ ಸ್ಕ್ಯಾನ್ ಮಾಡ್ಲತ್ತಿದ್ರು. ಕೇಳೋದು ನಡುವೇ ನಿಂತಿತು. ನಾ ಇನ್ನೂ ಹೆಡ್ ಮಾಸ್ತರರ ಮ್ಯಾಲೆ ಚಾಡಿ ಹೇಳ್ಕೋತ ಹೊಂಟಿದ್ದೆ. ಅವರು ನನ್ನ ಕೈ ಮ್ಯಾಲೆ ಕೈ ಇಟ್ಟು, "ಟೀಚರ್ರೆ, ಕೂಸಿನ ಹೃದಯ ಬಡೀಲತ್ತಿಲ್ರಿ," ಅಂದ್ರು.

ಅದಕ್ಕ ನಾ ಏನಂದೆ ಗೊತ್ತೇನ್ರಿ? "ಮತ್ತ ನಾ ಇವತ್ತು ಮುಂಜಾನಿ ವಾಂತಿ ಮಾಡ್ಕೊಂಡೀನಲ್ರಿ!" ಅಂದೆ. ಹೋಮ್‌ವರ್ಕ್ ಮಾಡೀನಿ, ಬೇಕಾದ್ರ ನೋಡ್ರಿ ಅನ್ನೋ ಹುಡುಗರಂಗ. ವಾಂತಿ ಆಗ್ಲತ್ತದ, ಎದಿ ಭಾರ ಅದ, ಒಂದು ಹನಿ ರಕ್ತ ಕಂಡಿಲ್ಲ, ಹ್ಯಾಂಗ ಸಾಧ್ಯ? ಹನ್ನೊಂದು ವಾರದ ಕೂಸು ಎಂಟೂವರಿ ವಾರಕ್ಕೇ ನಿಂತಿತ್ತಂತ. ಒಳಗ ಎರಡೂವರಿ ವಾರದ ಹಿಂದೇ ಎಲ್ಲಾ ಮುಗದಿತ್ತು. ಅಂದ್ರ ಅವ್ವ ತೋಳು ಎತ್ತು ಅಂದಾಗ ಅದು ಇರಲೇ ಇಲ್ಲ. ಕನ್ನಡಿ ಮುಂದ ಅಡ್ಡ ನಿಂತಾಗ ಅದು ಇರಲೇ ಇಲ್ಲ. ನನ್ನ ಮೈಯೇ ನನಗ ಇಷ್ಟು ದಿನ ಸುಳ್ಳು ಹೇಳ್ತಲ್ಲಾ ಅಂತ ನನಗ ಬಂದದ್ದು ಅಳು ಅಲ್ಲ, ಸಿಟ್ಟು.

ಡಾಕ್ಟರಮ್ಮ ಖಾತ್ರಿಗಿ ಇನ್ನೊಂದು ಕಡಿ ಸ್ಕ್ಯಾನ್ ಮಾಡಿಸಿದ್ರು. ಅಲ್ಲೂ ಅದೇ ಮಾತು. ಮರಳಿ ಬಂದ ಮ್ಯಾಲೆ ನಮ್ಮಿಬ್ಬರನ್ನೂ ಕೂಡಿಸಿ ಸಾವಕಾಶ ಹೇಳಿದ್ರು. ಇದು ನೀವು ಮಾಡಿದ ಯಾವ ಕೆಲಸದಿಂದಾನೂ ಆದದ್ದಲ್ಲ. ಮುಂದ ಮೂರು ದಾರಿ ಅವ. ಒಂದು, ಕಾಯೋದು, ಮೈ ತಾನೇ ಇಳಿಸ್ತದ, ಎರಡು ಮೂರು ವಾರ ಹಿಡೀಬಹುದು, ಯಾವಾಗ ಅಂತ ಹೇಳ್ಲಾಕ ಬರೋದಿಲ್ಲ. ಎರಡು, ಗುಳಿಗಿ, ಮನ್ಯಾಗೇ ಆಗ್ತದ, ನೋವು ರಕ್ತ ಎರಡೂ ಇರ್ತಾವ, ಒಮ್ಮೊಮ್ಮೆ ಪೂರಾ ಆಗೋದಿಲ್ಲ. ಮೂರು, ಇಲ್ಲೇ ಮಂಪರು ಕೊಟ್ಟು ಸಾಫ್ ಮಾಡೋದು, ಸಂಜೀಕ ಮನಿಗಿ ಹೋಗಬಹುದು. "ನಿಮಗ ಈಗ ಜ್ವರ ಇಲ್ಲ, ರಕ್ತಸ್ರಾವ ಇಲ್ಲ, ಅದಕ್ಕ ಮೂರೂ ನಡೀತಾವ. ಮೂರರಿಂದಾನೂ ಮುಂದ ಮಕ್ಕಳಾಗ್ಲಾಕ ಅಡ್ಡಿ ಇಲ್ಲ. ನಿಮಗ ಯಾವುದು ಬೇಕು?"

"ನೀವು ಹೇಳಿದ್ಹಂಗ ಮೇಡಂ," ಅಂದ್ರು ನಮ್ಮ ಮನಿಯವರು.

"ನಾ ಕೇಳಿದ್ದು ನಿಮಗಲ್ರಿ, ಅವರಿಗಿ," ಅಂದ್ರು ಡಾಕ್ಟರಮ್ಮ.

ಪೇಪರಿನಾಗ ನಾಲ್ಕು ಉತ್ತರ ಕೊಟ್ಟು ಒಂದು ಗುರುತಿಸ್ರಿ ಅಂತ ಹುಡುಗರ ಜೀವ ತಿಂದಾಕಿ ನಾನು, ಮೂರರಾಗ ಒಂದು ಗುರುತಿಸ್ಲಾಕ ಆಗಲಿಲ್ಲ. ಮೂರೂ ದಾರಿ ಸಾವಿಗೇ ಹೋಗೋವು, ಅದರಾಗ ಛಲೋದ್ಯಾವುದು ಅಂತ ಆರಿಸ್ಲಿ? ಎರಡು ದಿನ ಟೈಮ್ ಕೇಳಿ ಮನಿಗಿ ಬಂದೆ. ಹೊರಡಾಗ ಅವರು ಹೇಳಿ ಕಳಸಿದ್ರು: ಜ್ವರ ಬಂದ್ರ, ತಾಸಿಗಿ ಎರಡು ಪ್ಯಾಡ್ ತೊಯ್ಯೋಷ್ಟು ರಕ್ತ ಹೋದ್ರ, ಹೊತ್ತು ನೋಡಬ್ಯಾಡ್ರಿ, ಸೀದಾ ಬರ್ರಿ.

ಮನ್ಯಾಗ ಅವ್ವ ಕಾಯ್ಕೋತ ಕೂತಿದ್ದಳು. ಸುದ್ದಿ ಕೇಳಿದಾಕೀನೇ ತಲಿ ಮ್ಯಾಲೆ ಕೈ ಹೊತ್ತು, "ನಾಳಿಗೇ ಸಾಫ್ ಮಾಡಸ್ರಿ! ಸತ್ತದ್ದು ಒಳಗಿದ್ರ ಮೈಗಿ ವಿಷ ಏರ್ತದ," ಅಂದಳು. ಡಾಕ್ಟರ್ ಹಂಗ ಅಂದಿಲ್ಲ ಅಂದ್ರ ಕೇಳೋಳಲ್ಲ. ನಮ್ಮ ಮನಿಯವರಿಗಿ ಕೇಳಿದ್ರ, "ನಿನಗ ಯಾವುದು ತ್ರಾಸ ಕಡಿಮಿ ಅನಸ್ತದ ಅದು," ಅಂತಾರ. ನನಗ ಏನೂ ಅನಸ್ಲತ್ತಿಲ್ಲ ಅನ್ನೋದೇ ತ್ರಾಸ ಅಂತ ಅವರಿಗಿ ಹ್ಯಾಂಗ ಹೇಳ್ಲಿ?

ಇಂಥಾದ್ರಾಗ ಕುಶನೂರದಿಂದ ಅತ್ತಿ ಫೋನ್ ಬಂತು. ಐತವಾರ ಊರಿಗಿ ಬರ್ತೀವಿ ಅಂದಿದ್ವಿ, ಯಾಕ ಬರ್ಲಿಲ್ಲ ಅಂತ. ಅವ್ವ ದೂರಿಂದಾನೇ ಕೈ ಬೀಸಿ ಬ್ಯಾಡ ಬ್ಯಾಡ ಅಂದಳು. ಕಳ್ಳ ಕುಪ್ಪಸದ ಸುದ್ದಿ ಈಗ ಹೇಳಿದ್ರ, ಮೊದಲು ಯಾಕ ಮುಚ್ಚಿಟ್ರಿ ಅನ್ನೋ ಪ್ರಶ್ನಿ ಬರ್ತದಲ್ಲ. "ಕಾಮಣಿ ಅನ್ರಿ, ಕಾಮಣಿ," ಅಂತ ಪಿಸುಗುಟ್ಟಿದಳು. ಕಾಮಣಿ ಅಂದ್ರ ಕಣ್ಣು ಹಳದಿ ಆಗೋ ಕಾಮಾಲಿ ರೋಗ; ವಾಂತಿ, ಸುಸ್ತು, ಊಟ ಸೇರೋದಿಲ್ಲ, ಎಲ್ಲಾ ಹೊಂದ್ತದಂತ ಆಕಿ ವಿಚಾರ. ನಮ್ಮ ಮನಿಯವರು ಗಿಣಿಯಂಗ ಅದನ್ನೇ ಫೋನಿನಾಗ ಹೇಳಿಬಿಟ್ರು: "ಆಕಿಗಿ ಕಾಮಣಿ ಆಗ್ಯಾದವ್ವಾ."

ಔರಾದ ತಾಲೂಕಿನ ಹೆಣ್ಣಮಗಳಿಗಿ ಸೊಸಿಗಿ ಕಾಮಣಿ ಅಂತ ಹೇಳಿದ್ರ ಮನ್ಯಾಗ ಕೂಡ್ತಾಳೇನ್ರಿ? ಮರುದಿನ ಮುಂಜಾನಿ ಮೊದಲ ಬಸ್ಸಿಗೇ ಅತ್ತಿ ಬಂದಿಳದ್ರು. ಒಂದು ಕೈಯಾಗ ಉಪ್ಪಿಲ್ಲದ ಜ್ವಾಳದ ರೊಟ್ಟಿ ಗಂಟು, ಇನ್ನೊಂದು ಕೈಯಾಗ ಕಾಮಣಿ ಔಷಧಿಗಿ ಅಂತ ಬೇರು ಮಣ್ಣು ಸಮೇತ ನೆಲನೆಲ್ಲಿ ಗಿಡದ ಕಟ್ಟು. ಬಂದವರೇ ಒರಳು ಕೇಳಿ, ಅರದು, ಮಜ್ಜಿಗ್ಯಾಗ ಕಲಸಿ ಒಂದು ಲೋಟ ತಂದು ನನ್ನ ಮಾರಿ ಮುಂದ ಹಿಡದ್ರು. "ಒಂದೇ ಗುಟುಕಿಗಿ ಕುಡೀ. ಮೂಗು ಮುಚ್ಕೋ." ಅವ್ವ ಬಾಗಲ ಹಿಂದ ನಿಂತು ಕುಡೀಬ್ಯಾಡ ಅಂತ ಸನ್ನಿ ಮಾಡ್ಲತ್ತಿದ್ದಳು. ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಹಂಗ ನಾ ಲೋಟ ತುಟಿಗಿ ಹಚ್ಚಿದೆ.

ಅಷ್ಟರಾಗ ಅತ್ತಿ ನನ್ನ ಗದ್ದ ಹಿಡದು ಕಣ್ಣು ಅಗಲಿಸಿ ನೋಡಿದ್ರು. "ಕಣ್ಣು ಹಾಲಿನಂಗ ಬೆಳ್ಳಗೇ ಅವ, ಹಳದಿ ಎಲ್ಲದ?" ಅಂದ್ರು. ಆಮ್ಯಾಗ ಖಿಡಕಿ ಆಚಿ ನೋಡಿದ್ರು. ಅಲ್ಲಿ ಹಗ್ಗದ ಮ್ಯಾಲೆ ಅವ್ವ ತಂದ ಹಸರು ಕುಪ್ಪಸ ಒಣಗ್ಲತ್ತಿತ್ತು. ಮೂರು ಮಂದಿ ಕೂಡಿ ಕಾಮಣಿ ಕಟ್ಟಿ ನಿಲ್ಲಿಸಿದ್ವಿ, ಕುಪ್ಪಸ ಒಳಗ ತರ್ಲಾಕ ಒಬ್ಬರಿಗೂ ನೆನಪಾಗಲಿಲ್ಲ. ಅಂಗೈಯಷ್ಟು ಹಸರು ಬಟ್ಟಿ ನಮ್ಮ ಕಡಿ ಹೆಣ್ಣಮಕ್ಕಳಿಗಿ ಡಂಗುರ ಇದ್ದಂಗ್ರಿ.

ಅತ್ತಿ ಲೋಟ ಕಸಗೊಂಡ್ರು. "ಎಷ್ಟು ತಿಂಗಳು?" ಅಂದ್ರು.

"ಹೋಗ್ಯಾದರಿ," ಅಂದೆ. ಅಷ್ಟೊತ್ತಿಗಿ ನನಗ ಅಳು ಬಂತು. ಮೂರು ದಿನದಾಗ ಮೊದಲನೇ ಸಲ.

ಬೈತಾರ ಅಂತ ಅವ್ವ ಬಾಗಲ ಹಿಂದೇ ಉಳದಳು. ಅತ್ತಿ ಬೈಯಲಿಲ್ಲ. ನನ್ನ ಬೆನ್ನು ಸವರ್ಕೋತ ಡಾಕ್ಟರ್ ಏನಂದ್ರು ಅಂತ ಕೇಳಿದ್ರು. ಮೂರು ದಾರಿ ಹೇಳಿದೆ, ನನಗ ಆರಿಸ್ಲಾಕ ಆಗವಲ್ದು ಅಂತಾನೂ ಹೇಳಿದೆ.

"ಯಾರಿಗಿ ಕೇಳಿದ್ರು?"

"ನನಗ್ರಿ."

"ನಿನ್ನ ಗಂಡಗಲ್ಲ?"

"ಅಲ್ರಿ, ನನಗೇ."

ಅತ್ತಿಯ ಕೈ ನನ್ನ ಬೆನ್ನ ಮ್ಯಾಲೆ ನಿಂತುಬಿಡ್ತು. "ಇಂಥಾದ್ದು ಕೇಳ್ತಾರ?" ಅಂದ್ರು. ಮತ್ತ ಅದೇ ಮಾತು, ಈ ಸಲ ಅವ್ವನ ಮಾರಿ ನೋಡಿ, "ಕೇಳ್ತಾರಂತ್ರಿ, ಬೀಗತಿ!"

ಆಮ್ಯಾಗ ಹೇಳಿದ್ರು. ನಮ್ಮ ಮನಿಯವರು ಮೂರು ವರ್ಷದ ಕೂಸು ಇದ್ದಾಗ ಅತ್ತಿಗಿ ನಾಲ್ಕನೇ ತಿಂಗಳಾಗ ಗರ್ಭ ಇಳೀತಂತ. ದವಾಖಾನಿಗಿ ಒಯ್ದ್ರು. ಯಾವ ದವಾಖಾನಿ ಅಂತ ನಾ ಹೇಳೋದಿಲ್ಲ. "ಸಾಫ್ ಮಾಡ್ತೀವಿ ಅಂದ್ರು, ಸೂಜಿ ಚುಚ್ಚಿದ್ರು. ಎಚ್ಚರಾದ ಮ್ಯಾಲೆ ನೋಡ್ತೇನಿ, ಹೊಟ್ಟಿ ಮ್ಯಾಲೆ ಹೊಲಿಗಿ. ಒಳಗಿಂದು ತೆಗೀಬೇಕಂದ್ರ ಕೊಯ್ಯಬೇಕಾಗ್ತದೇನೋ ಅನ್ಕೊಂಡೆ. ನನಗೇನು ಗೊತ್ತು?" ಮನಿಗಿ ಬಂದು ಎರಡು ವರ್ಷ ಅತ್ತಿ ಪ್ರತಿ ತಿಂಗಳು ದಿನ ನಿಲ್ಲಲಿ ಅಂತ ಕಾಯ್ಕೋತ ಹೋದ್ರು. ಎರಡು ವರ್ಷ ಆದ ಮ್ಯಾಲೆ ಊರಿಗಿ ಲಸಿಕಿ ಹಾಕ್ಲಾಕ ಬಂದ ನರ್ಸಬಾಯಿ ಹೊಲಿಗಿ ಗುರ್ತು ನೋಡಿ, "ನಿಂದು ಮಕ್ಕಳಾಗದ ಆಪರೇಷನ್ ಆಗ್ಯಾದಲ್ಲ ಅಕ್ಕ, ಮತ್ಯಾಕ ಕಾಯ್ಲತ್ತಿ?" ಅಂದಳಂತ.

"ಯಾರು ಮಾಡ್ಸಿದ್ರು?" ಅಂದೆ. ದಡ್ಡ ಪ್ರಶ್ನಿ. ಆದ್ರೂ ಬ್ಯಾರೆ ಉತ್ತರ ಬರ್ಲಿ ಅನ್ನೋ ಆಸಿ.

"ನಿಮ್ಮ ಮಾವ ಸಹಿ ಮಾಡಿದ್ರು. ಇನ್ನೊಂದು ಸಲ ಬಸುರಾದ್ರ ನನ್ನ ಜೀವಕ್ಕ ಧೋಕಾ ಅಂತ ಯಾರೋ ಹೇಳಿದ್ರಂತ. ನಾ ಕೇಳಿದಾಗ ಅದೇ ಹೇಳಿದ್ರು, ನಿನ್ನ ಜೀವ ಉಳೀಲಿ ಅಂತ ಮಾಡ್ದೆ, ಆಮ್ಯಾಗ ಹೇಳ್ಲಾಕ ಬಾಯಿ ಬರ್ಲಿಲ್ಲ ಅಂತ. ನನಗೂ ಓದು ಬರ್ತಿತ್ತಲ್ಲ ತಂಗಿ. ನಾನೂ ಏಳನೇತ್ತ ಪಾಸ್. ಕಾಗದ ನನ್ನ ಕೈಯಾಗ ಕೊಡಬೇಕಿತ್ತೋ ಇಲ್ಲೋ?"

ಅಯ್ಯೋ ದೇವರೇ ಅನ್ನೋ ಮಂದಿ ಅಲ್ಲ ನಾವು. ಆದ್ರೂ ಅವತ್ತು ಬಾಯಾಗ ಅದೇ ಬಂತು. ನನ್ನ ಕೂಸಿನ ಸುದ್ದಿ ಕೇಳಿದಾಗ ಬಡಿದ ಸಿಡಿಲು ಒಂದು, ಇದು ಇನ್ನೊಂದು. ನಿನಗ ಪಸಂದ ಅದಾನೇನವ್ವಾ ಅಂತ ನನಗ ಕೇಳಿದ ಆ ಮನುಷ್ಯಾ! ಊರವರು ಹೊಗಳಿದ ಸಣ್ಣ ಸಂಸಾರ ಅಂದ್ರ ಇದು. ಅತ್ತಿ ಕಣ್ಣು ಒರಸ್ಕೊಂಡು, "ಅವರು ಕೆಟ್ಟ ಮನುಷ್ಯ ಅಲ್ಲ," ಅಂದ್ರು. ಅದು ನನಗೂ ಗೊತ್ತಿತ್ತು, ಅದಕ್ಕೇ ಎದಿ ಉರೀತು.

ಅವ್ವ ಅವತ್ತಿನಿಂದ ನಾಳಿಗೇ ಸಾಫ್ ಮಾಡಸ್ರಿ ಅನ್ನೋದು ಬಿಟ್ಟಳು. ಅತ್ತಿಯಂತೂ ಇದು ಮಾಡು ಅದು ಮಾಡು ಅಂತ ಒಂದು ಮಾತೂ ಆಡಲಿಲ್ಲ. ತುಟಿ ತನಕ ಬಂದದ್ದು ನುಂಗ್ತಿದ್ರು, ನನಗ ಕಾಣಸ್ತಿತ್ತು. "ನಿನಗ ಕೇಳ್ಯಾರ, ನೀನೇ ಹೇಳು," ಅಂದ್ರು ಅಷ್ಟೇ.

ನಾ ಗುಳಿಗಿ ಅಂದೆ. ಕಾಯ್ಲಾಕ ನನ್ನಿಂದ ಆಗೋದಿಲ್ಲ. ಯಾವಾಗ ಏನಾಗ್ತದೋ ಅಂತ ಎದ್ಯಾಗ ಇಟ್ಕೊಂಡು ಕ್ಲಾಸಿನಾಗ ಹ್ಯಾಂಗ ನಿಲ್ಲಲಿ? ಸಾಫ್ ಮಾಡಿಸ್ಕೊಳ್ಳೋದು ಸುಲಭ ಇತ್ತು, ಡಾಕ್ಟರಮ್ಮನ ಮ್ಯಾಲೆ ನಂಬಿಕಿನೂ ಇತ್ತು. ಎಷ್ಟೋ ಮಂದಿಗಿ ಅದೇ ಸರಿ. ಆದ್ರ ನನಗ ಎಚ್ಚರ ಇರಬೇಕಿತ್ತು. ಹೋಗೋದು ಹ್ಯಾಂಗೂ ಹೋಗ್ಯಾದ, ಹೋಗಾಗ ನಾ ಮಲಕೊಂಡಿರಬಾರದು ಅನಸ್ತು. ಇದು ವಿಜ್ಞಾನ ಅಲ್ಲ, ನನಗ ಗೊತ್ತದ.

ಒಂದು ಗುಳಿಗಿ ದವಾಖಾನ್ಯಾಗ ನುಂಗಿಸಿದ್ರು, ಉಳಿದವು ಎರಡು ದಿನ ಬಿಟ್ಟು ಮನ್ಯಾಗ. ಮುಂಜಾನಿ ಹತ್ತಕ್ಕ ಸುರುವಾದದ್ದು ಇಳಿಹೊತ್ತಿನ ತನಕ ನಡೀತು. ನೋವು ಮುಟ್ಟಿನ ನೋವಿನಂಗ ಇರ್ತದ ಅಂದಿದ್ರು. ಹಂಗಿರಲಿಲ್ಲ, ಅದರ ಅವ್ವನಂಗಿತ್ತು. ಒಂದು ಕಡಿ ಅವ್ವ, ಒಂದು ಕಡಿ ಅತ್ತಿ. ಅವ್ವ ಬಿಸಿನೀರಿನ ಚೀಲ ತುಂಬಿ ತುಂಬಿ ತರಾಕಿ. ಅತ್ತಿ ಗಡಿಯಾರ ನೋಡ್ಕೋತ, ತಾಸಿಗಿ ಎಷ್ಟು ತೊಯ್ದವು ಅಂತ ನೆನಪಿಡಾಕಿ. ನಮ್ಮ ಮನಿಯವರು ಬಾಗಲ ಹೊರಗ ಆಟೋದವನಿಗಿ ಫೋನ್ ಹಚ್ಚಿ ತಯಾರ ಇರ್ರಿ ಅಂತ ಹೇಳಿ ಹೇಳಿ ಅವನ ತಲಿ ಕೆಡಸಿದ್ರು. ಮೂರು ಗಂಟಿ ಸುಮಾರಿಗಿ ಬಂತು. ನಾ ನೋಡಿದೆ. ನೋಡಬೇಕಂತ ನೋಡಿದೆ. ಏನು ನೋಡಿದೆ ಅಂತ ಕೇಳಬ್ಯಾಡ್ರಿ. ನಾ ಬೋರ್ಡಿನ ಮ್ಯಾಲೆ ಬರದ ಚಿತ್ರದಾಗ ಅದಿರಲಿಲ್ಲ.

ವಾರ ಬಿಟ್ಟು ಸ್ಕ್ಯಾನ್ ಮಾಡಿ ಎಲ್ಲಾ ಪೂರಾ ಆಗ್ಯಾದ ಅಂದ್ರು. ಸಾಲಿಗಿ ಹೋದೆ, ಅಲ್ಲೂ ಕಾಮಣಿ ಅಂತಾನೇ ಹೇಳಿದೆ. ಸ್ಟಾಫ್ ರೂಮಿನ ಮಂದಿ ಪ್ರೀತಿಂದ ನನ್ನ ಡಬ್ಬಿ ಕಾಯ್ದ್ರು, ಉಪ್ಪು ಖಾರ ಇರಬಾರದಂತ. ಒಂದು ತಿಂಗಳು ಸಪ್ಪನ್ನ ಬ್ಯಾಳಿ ತಿಂದು, ಹೋದ ಕೂಸಿಗಿ ಅಳ್ಲಾಕ ಒಂದು ಜಾಗ ಸಿಗದೆ ತಿರುಗಿದೆ. ಗುಟ್ಟಾಗಿ ಬಂದದ್ದಕ್ಕ ಗುಟ್ಟಾಗೇ ಅಳಬೇಕು ಅನ್ನೋ ಪದ್ಧತಿ ಯಾರು ಮಾಡಿದ್ರೋ ಅವರಿಗಿ ನನ್ನ ಶಾಪ ಹತ್ತಲಿ. ಮುಂದ ನಮಗ ಮಗಳು ಹುಟ್ಟಿದಳು. ಇದನ್ನ ಮೊದಲೇ ಹೇಳಿದ್ರ ನೀವು, "ಹಾಂ, ಛಲೋ ಆಯ್ತಲ್ಲ" ಅಂತ ಇಲ್ಲಿಗೇ ಮುಚ್ಚಿಡ್ತಿದ್ರಿ. ಅದಕ್ಕ ತಡ ಮಾಡಿದೆ.

ಮಾವನಿಗಿ ನಾ ಏನೂ ಕೇಳಲಿಲ್ಲ. ಬೀದರಕ್ಕ ಬಂದಾಗ ಚಹಾ ಕೊಟ್ಟೆ, ಬಿ.ಪಿ. ಗುಳಿಗಿ ನೆನಪು ಮಾಡಿದೆ. ಮೊದಲಿನಂಗೇ ನಕ್ಕೆ. ನನಗ ಗೊತ್ತದ ಅಂತ ತೋರಸೋದಿಲ್ಲ ಅಂತ ಅತ್ತಿಗಿ ಕೊಟ್ಟ ಮಾತು ಅದು.

ಈಗ ಎರಡು ವರ್ಷದಿಂದ ಅತ್ತಿಗಿ ಗರ್ಭಚೀಲ ಜಾರಿ ತ್ರಾಸ ಆಗ್ಲತ್ತಿತ್ತು. ನಾಚಿಕಿಗಿ ಯಾರಿಗೂ ಹೇಳಿರಲಿಲ್ಲ. ನಾನೇ ಬಾಯಿ ಬಿಡಿಸಿ, ನಿನ್ನೆ ಬೀದರದ ಒಂದು ದವಾಖಾನಿಗಿ ಕರಕೊಂಡು ಹೋದೆ. ಮಾವನೂ ಬಂದಿದ್ರು. ಡಾಕ್ಟರ್ ನೋಡಿ, ಆಪರೇಷನ್ ಮಾಡಿ ತೆಗೀಬಹುದು ಅಂದ್ರು. ನರ್ಸ್ ಒಂದು ಫಾರ್ಮ್ ತಂದು, "ಯಜಮಾನ್ರು ಯಾರ್ರಿ? ಇಲ್ಲಿ ಸಹಿ," ಅಂದಳು. ಮಾವ ಅಂಗಿ ಕಿಸೆಯಿಂದ ಪೆನ್ನು ತೆಗದು, ಅದರ ಟೋಪಿ ಬಿಚ್ಚಿ, ಎದ್ದು ನಿಂತ್ರು.

ನಾ ಫಾರ್ಮ್ ತಗೊಂಡು ಅತ್ತಿ ಕೈಯಾಗ ಕೊಟ್ಟೆ.

ಅತ್ತಿ ಚಸ್ಮಾ ಹಾಕ್ಕೊಂಡು ಮೊದಲನೇ ಸಾಲಿನಿಂದ ಓದಿದ್ರು. ಬೆರಳು ಇಟ್ಟು, ತುಟಿ ಆಡಿಸಿ. ತಿಳೀದ ಕಡಿ ನನಗ ಕೇಳಿದ್ರು. ನರ್ಸ್ ಎರಡು ಸಲ ಗಡಿಯಾರ ನೋಡಿದಳು, ಅತ್ತಿ ನೋಡಲಿಲ್ಲ. ಪೂರಾ ಓದಿ, ಡಾಕ್ಟರ್ ಕಡಿ ತಿರುಗಿ, "ತೆಗೀದೆ ಇದ್ರ ಬ್ಯಾರೆ ದಾರಿ ಇಲ್ಲೇನ್ರಿ?" ಅಂದ್ರು. ಅದರಿ, ಅಂದ್ರು ಡಾಕ್ಟರ್. ಗರ್ಭಚೀಲ ಜಾರದಂಗ ಒಳಗ ಒಂದು ರಬ್ಬರ್ ಬಳಿ, ರಿಂಗ್ ಇದ್ದಂಗ, ಕೂಡಿಸೋದು, ಕೆಲವು ವ್ಯಾಯಾಮ ಮಾಡೋದು, ನಡುನಡುವ ಬಂದು ತೋರಸೋದು. "ಹಂಗಾದ್ರ ಅದು ಮಾಡ್ರಿ. ಇದು ನನಗ ಈಗ ಬ್ಯಾಡ," ಅಂತ ಫಾರ್ಮ್ ಮಡಚಿ ವಾಪಸ್ ಕೊಟ್ರು.

ಆ ಬಳಿಗೂ ಒಂದು ಸಣ್ಣ ಕಾಗದ ಇತ್ತು. ಅತ್ತಿ ಅದನ್ನೂ ಓದಿ, ತಮ್ಮ ಹೆಸರು ಪೂರಾ ಬರದ್ರು, ಒಂದಕ್ಷರಾನೂ ಮೊಟಕು ಮಾಡದೆ. ಮಾವ ಇನ್ನೂ ನಿಂತೇ ಇದ್ರು.

"ಮತ್ತ ನಾ ಎಲ್ಲಿ ಸಹಿ ಮಾಡ್ಲಿ?" ಅಂದ್ರು.

ಅತ್ತಿ ಚಸ್ಮಾ ತೆಗದು, ಸೆರಗಿಲೆ ಒರಸಿ, ಗಂಡನ ಮಾರಿ ನೋಡಿದ್ರು. "ನಿಮ್ದು ಒಂದು ಸಲ ಆಗ್ಯಾದರಿ," ಅಂದ್ರು. "ಸಾಕು."

ಮಾವ ನನ್ನ ಕಡಿ ತಿರುಗಿದ್ರು. ನನಗ ಗೊತ್ತದ ಅಂತ ಅವರಿಗಿ ಆವಾಗ ತಿಳೀತು. ಒಂಬತ್ತು ವರ್ಷ ನನ್ನ ಕೈಯಿಂದ ಚಹಾ ಕುಡದ ಮನುಷ್ಯ, ಕಣ್ಣು ಕೆಳಗ ಹಾಕಿ, ಪೆನ್ನಿನ ಟೋಪಿ ಹುಡುಕ್ಲಾಕ ಸುರು ಮಾಡಿದ್ರು. ಬೆಂಚಿನ ಮ್ಯಾಲೆ ನೋಡಿದ್ರು, ಬೆಂಚಿನ ಕೆಳಗ ನೋಡಿದ್ರು. ಅದು ಅವರ ಎಡಗೈಯಾಗೇ ಇತ್ತು. ನಾ ಹೇಳಲಿಲ್ಲ.